ಶೆಟ್ಟಮ್ಮ ವೆಲ್ಡರ್ ಆದ ನವರಾತ್ರಿ

ಅಮೆರಿಕದ ಮಿಲ್ಪಿಟಾಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮೊನ್ನೆ ಗರಾಜಿನ ಬಾಗಿಲು ಅರ್ಧ ಎತ್ತಿಟ್ಟುಕೊಂಡು ಹಳೆಯ ಕುರ್ಚಿಯೊಂದಕ್ಕೆ ಎಣ್ಣೆಬಣ್ಣ ಬಳಿಯುತ್ತಿದ್ದರು. ಕಸದ ಡಬ್ಬಿ ತಳ್ಳಿಕೊಂಡು ಹೋಗುತ್ತಿದ್ದ ನನಗೆ ಆ ವಾಸನೆ ಬಡಿಯಿತು. ಕೈ ತಾನಾಗಿಯೇ ಜೇಬಿನ ಫೋನಿಗೆ ಹೋಯಿತು. ಮೇಧಾ ಎಲ್ಲಿದ್ದಾಳೆ? ಮಗಳು ಈಗ ದೂರದ ಕಾಲೇಜಿನಲ್ಲಿದ್ದಾಳೆ, ಆ ಹೊತ್ತಿಗೆ ಕ್ಲಾಸಿನಲ್ಲಿ ಕೂತಿರುತ್ತಾಳೆ ಎನ್ನುವುದು ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ. ಕೈ ಇನ್ನೂ ನಾವು ಮೊದಲಿದ್ದ ಯೂನಿಯನ್ ಸಿಟಿಯ ಆ ಮನೆಯಲ್ಲೇ ಇದೆ. ಅವಳು ಹೈಸ್ಕೂಲಿನಲ್ಲಿದ್ದ ಆ ನವರಾತ್ರಿಯಲ್ಲಿ, ಕಿಟಕಿಯಾಚೆ ಕಾಡುಗಿಚ್ಚಿನ ಹೊಗೆ, ಕಿಟಕಿಯೀಚೆ ಬಣ್ಣದ ವಾಸನೆ.

ಹೀಗೆ ಬರೆದ ತಕ್ಷಣ ಅನುಮಾನ. ಹೊಗೆ ಒಂಬತ್ತು ದಿನವೂ ಇತ್ತೇ? ನನ್ನ ಗಂಡ ರಘು ಎರಡೇ ದಿನ ಇದ್ದದ್ದು ಅನ್ನುತ್ತಾನೆ. ನನ್ನ ನೆನಪಿನಲ್ಲಿ ಒಂಬತ್ತೂ ದಿನ ಸೂರ್ಯ ತಾಮ್ರದ ಬಿಲ್ಲೆ. ಭಯ ಎಲ್ಲ ದಿನಗಳಿಗೂ ಒಂದೇ ಬಣ್ಣ ಹೊಡೆದುಬಿಟ್ಟಿರಬಹುದು. ಓದುವವರು ಹೊಗೆಯನ್ನು ಸ್ವಲ್ಪ ಕಡಿಮೆ ಮಾಡಿಕೊಂಡು ಓದಿ. ಹೆದರಿಕೆಯನ್ನು ಮಾತ್ರ ಕಡಿಮೆ ಮಾಡಿಕೊಳ್ಳಬೇಡಿ.

ಗೊಂಬೆ ಕೂರಿಸುವ ಪದ್ಧತಿ ನಮ್ಮ ಅತ್ತೆಯ ಮನೆಯದು. ಮೈಸೂರಿನವರು. ನಾವೂ ಇಲ್ಲಿ ಪ್ರತಿವರ್ಷ ನಾಲ್ಕು ಗೊಂಬೆ ಇಟ್ಟು ಜನರನ್ನು ಕರೆಯುತ್ತಿದ್ದೆವು. ಆ ವರ್ಷ ಅವರು ನಮ್ಮ ಜೊತೆ ಇದ್ದು ಹೋಗಲು ಬಂದಾಗ ಸೂಟ್‌ಕೇಸಿನ ಅರ್ಧಭಾಗದಲ್ಲಿ ಹಳೇ ಸೀರೆಗಳಲ್ಲಿ ಸುತ್ತಿದ ಗೊಂಬೆಗಳೇ ಇದ್ದವು. ಮೇಲಿನ ಮೆಟ್ಟಿಲಿಗೆ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ. ಅವರ ಕೆಳಗೆ ದೇವರುಗಳು. ಅದಕ್ಕೂ ಕೆಳಗೆ ಅಕ್ಕಿ ಬೇಳೆಯ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿ, ಶೆಟ್ಟಮ್ಮ, ಮತ್ತೆ ಮೂಗು ಮುಕ್ಕಾದ, ಬಣ್ಣ ಹಾರಿದ ಒಂದಷ್ಟು ಮಣ್ಣಿನ ಹೆಂಗಸರು. ಅದೇ ಸಮಯಕ್ಕೆ ಮೇಧಾಳಿಗೆ ಚರಿತ್ರೆಯ ಪ್ರಾಜೆಕ್ಟು. ಕಪ್ಪು ಹೆಂಗಸರು ಈ ದೇಶದಲ್ಲಿ ಏನೇನು ಮಾಡಿದರು ಎನ್ನುವುದನ್ನು ಆರಿಸಿಕೊಂಡಿದ್ದಳು. ಪೋಸ್ಟರ್ ಮಾಡಬೇಕಿದ್ದವಳು ಗರಾಜಿನಲ್ಲಿ ಹರಡಿದ ಗೊಂಬೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು: "ಅಜ್ಜಿ, ಒಂದು ಸ್ಟೆಪ್ ನಂಗೆ ಕೊಡ್ತೀಯಾ?"

"ಒಂದ್ಯಾಕೆ, ಎರಡು ತಗೋ. ಶೆಟ್ರಿಗೂ ವಯಸ್ಸಾಯ್ತು, ಅಂಗಡಿ ಮುಚ್ಚಲಿ."

ಹಾಗೆ ಶೆಟ್ಟಮ್ಮ ವೆಲ್ಡರ್ ಆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲೇ ರಿಚ್ಮಂಡ್‌ನಲ್ಲಿ ಹಡಗು ಕಟ್ಟಿದ ಕಪ್ಪು ಹೆಂಗಸರಲ್ಲಿ ಒಬ್ಬರು. ತಲೆಗೆ ಅರ್ಧ ಅಕ್ರೋಟಿನ ಚಿಪ್ಪು, ಕೈಗೆ ಬೆಂಕಿಕಡ್ಡಿಯ ಸಲಾಕೆ. ನೀರು ತರುತ್ತಿದ್ದವಳ ಕೊಡ ಕಿತ್ತು ರಟ್ಟಿನ ರೆಕ್ಕೆ ಅಂಟಿಸಿದಾಗ, ಈ ದೇಶದಲ್ಲಿ ಯಾರೂ ಕಲಿಸದೆ ಹೋದದ್ದಕ್ಕೆ ಫ್ರಾನ್ಸಿಗೆ ಹೋಗಿ ವಿಮಾನ ಹಾರಿಸಲು ಕಲಿತವಳು ಸಿದ್ಧವಾದಳು. ರಾಕೆಟ್ಟಿನ ದಾರಿಯನ್ನು ಕೈಲೆಕ್ಕದಲ್ಲಿ ಹಾಕಿದವರು, ತಾನು ತಪ್ಪಿಸಿಕೊಂಡ ಮೇಲೂ ಉಳಿದ ಗುಲಾಮರನ್ನು ಕರೆತರಲು ಮತ್ತೆ ಮತ್ತೆ ತಿರುಗಿ ಹೋದವಳು, ಸ್ಯಾನ್ ಫ್ರಾನ್ಸಿಸ್ಕೋದ ಕುದುರೆ ಟ್ರಾಮಿನಿಂದ ಇಳಿಸಿದ್ದಕ್ಕೆ ಕೋರ್ಟಿಗೆ ಹೋದವಳು. ಕಣ್ಣಿನ ಪೊರೆ ತೆಗೆಯಲು ಲೇಸರ್ ಸಲಕರಣೆ ಮಾಡಿದ ಡಾಕ್ಟರಿಗೆ ಅತ್ತೆ ವಿಶೇಷವಾಗಿ ರೇಷ್ಮೆ ಅಂಚು ಉಡಿಸಿದರು.

"ಅಜ್ಜಿ, ನಿನ್ನ ಆಪರೇಷನ್ ಆ ಮೆಥಡ್ ಅಲ್ದೇ ಇರಬಹುದು," ಎಂದಳು ಮೇಧಾ.

"ಯಾವ್ದಾದ್ರೇನು. ಕಣ್ಣು ಕಾಣತ್ತಲ್ಲ."

ಬಣ್ಣ ಕಲಸಿದ್ದೂ ಅತ್ತೆಯೇ. ರಘು ಬಾಗಿಲಲ್ಲಿ ನಿಂತು, "ಇಷ್ಟು ಕಪ್ಪು ಬೇಕಾ ಅಮ್ಮ?" ಎಂದ.

"ಪಟ್ಟದ ರಾಣಿ ಏನು ಬೆಳ್ಳಗಿದಾಳಾ? ನೀನು ಹೆಣ್ಣು ನೋಡಕ್ಕೆ ಹೋದಾಗ ನಿಮ್ಮತ್ತೆ ಇವಳಿಗೆ ಪೌಡರ್ ಮೆತ್ತಿ ಕೂರಿಸಿದ್ರಲ್ಲ, ಹಂಗೆ ಮೆತ್ತಬೇಕಾ ಇವರಿಗೂ?" ಎಂದು ಕುಂಚದಿಂದ ನನ್ನ ಕಡೆ ತೋರಿಸಿದರು. ನಾನು ನಕ್ಕೆ. ಆ ಒಂಬತ್ತು ದಿನಗಳಿಗೆ ಮುಂಚಿನ ಕೊನೆಯ ನಗು ಅದು, ಹಾಗಾಗಿ ಗಟ್ಟಿಯಾಗಿ ನೆನಪಿದೆ.

ಪಾಡ್ಯದ ದಿನ ಮೇಧಾ ಸ್ಕೂಲಿನಿಂದ ಬರುವಷ್ಟರಲ್ಲಿ ಅತ್ತೆ ಎಲ್ಲರಿಗೂ ಕುಂಕುಮ ಇಟ್ಟಿದ್ದರು. ಪೈಲಟ್‌ಗೆ, ಡಾಕ್ಟರಿಗೆ, ರಾಕೆಟ್ಟಿನ ಲೆಕ್ಕದವರಿಗೆ, ಶೆಟ್ಟಮ್ಮನಿಗೆ. ಮೇಧಾ ಕಿರುಚಿದಳು. "ಅಜ್ಜಿ! ದೇ ಆರ್ ನಾಟ್ ಹಿಂದೂಸ್! ಯೂ ಕಾಂಟ್ ಡೂ ದಟ್!"

"ನಮ್ಮನೆ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಬರೀ ಹಣೇಲಿ ಕೂರ್ತಾರಾ? ಕರೆದು ಕೂರಿಸಿ ಅವಮಾನ ಮಾಡಿದ ಹಾಗೆ."

ಅವಳು ಒರೆಸಿದಳು. ಇವರು ಮತ್ತೆ ಇಟ್ಟರು. ಕೊನೆಗೆ ಕೆಲವು ಹಣೆಗಳಲ್ಲಿ ಕುಂಕುಮ, ಕೆಲವು ಹಣೆಗಳಲ್ಲಿ ಕೆಂಪು ಕಲೆ. ಆ ಸ್ಥಿತಿಯಲ್ಲೇ ಮೇಧಾ ವಿಡಿಯೋ ಮಾಡಿ ಹಾಕಿದ್ದು.

ಅದನ್ನು ನೋಡಿ ಮೊದಲು ಬಂದವರು ಗೋಡೆಯಾಚೆಯ ಮಿಸ್ ಲೊರೆಟಾ. ನಮ್ಮ ಎರಡು ಟೌನ್‌ಹೌಸಿಗೆ ನಡುವೆ ಒಂದೇ ಗೋಡೆ. ಕಪ್ಪು ಹೆಂಗಸು, ಎಪ್ಪತ್ತು ದಾಟಿದವರು. ಇಲ್ಲಿನ ಟ್ರೇನುಗಳನ್ನು ಹೆಂಗಸರು ಓಡಿಸುವುದು ಅಪರೂಪವಾಗಿದ್ದ ಕಾಲದಲ್ಲಿ ಓಡಿಸಿ ನಿವೃತ್ತರಾದವರು. ರಿಚ್ಮಂಡ್‌ನ ವೆಲ್ಡರ್ ನಿಜಕ್ಕೂ ಅವರ ಅಜ್ಜಿ. ಮೇಧಾ ಆ ಕಥೆಯನ್ನು ಅವರಿಂದಲೇ ಕೇಳಿಕೊಂಡು ಬಂದಿದ್ದಳು. ಅವರ ಇಂಗ್ಲಿಷನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ದನಿಯ ಅರ್ಧ ನನ್ನ ಕೈಲಿ ಸೋರಿಹೋಗುತ್ತಿದೆ, ಏನು ಮಾಡಲಿ.

ಅವರು ಬಗ್ಗಿ ಶೆಟ್ಟಮ್ಮನನ್ನು ತುಂಬ ಹೊತ್ತು ನೋಡಿದರು. "ಈ ಬೊಟ್ಟು ಗಂಡ ಇದ್ದಾನೆ ಅಂತಲೋ?"

ಮೇಧಾಳ ಮುಖ ಸುಟ್ಟುಕೊಂಡ ಹಾಗಾಗಿತ್ತು. "ಐ ಆಮ್ ಸೋ ಸಾರಿ, ನಮ್ಮಜ್ಜಿ..."

"ನಮ್ಮಜ್ಜಿಗೆ ಮೂವರು ಗಂಡಂದಿರು. ಮೂವರೂ ಸೇರಿ ಒಂದು ಬೊಟ್ಟಿಗೂ ಲಾಯಕ್ಕಿರಲಿಲ್ಲ. ಇರಲಿ ಬಿಡು, ಇದು ಹಡಗಿಗೆ ಅಂತ ಇಟ್ಟುಕೊಳ್ಳಲಿ."

ಆಮೇಲೆ ಅವರು ಪ್ರತಿ ಗೊಂಬೆಯ ಮುಂದೆ ಮೇಧಾ ಬರೆದು ನಿಲ್ಲಿಸಿದ್ದ ಚೀಟಿಗಳನ್ನು ಓದಿದರು. ಹೆಚ್ಚುಕಮ್ಮಿ ಎಲ್ಲದರಲ್ಲೂ "ಫಿಯರ್‌ಲೆಸ್" ಎಂಬ ಒಂದು ಪದ. ಪೆನ್ನು ಕೇಳಿ ತೆಗೆದುಕೊಂಡು ಒಂದೊಂದು ಚೀಟಿಯಲ್ಲೂ ಆ ಪದವನ್ನು ಹೊಡೆದು ಹಾಕಿದರು. "ಬೇಬಿ, ಇದನ್ನು ಬರೆದವರಿಗೆ ನಾವು ಯಾರೂ ಗೊತ್ತಿಲ್ಲ," ಅಂದದ್ದು ಅಷ್ಟೇ. ಏಕೆಂದು ನನಗೆ ಆಗ ಅರ್ಥವಾಗಲಿಲ್ಲ. ಮೇಧಾಳಿಗೆ ಅರ್ಥವಾಗಿತ್ತೋ ಏನೋ, ಹೊಡೆದ ಚೀಟಿಗಳನ್ನು ಹಾಗೆಯೇ ಗೊಂಬೆಗಳ ಮುಂದೆ ಮತ್ತೆ ನಿಲ್ಲಿಸಿದಳು.

ವಿಡಿಯೋ ಎಲ್ಲೆಲ್ಲಿಗೋ ಹೋಯಿತು. ಅಮೆರಿಕನ್ನರು ಬೈಯಬಹುದು ಎಂದು ರಘು ಅಂಜಿದ್ದ. ಬಂದದ್ದು ನಮ್ಮ ಕಡೆಯಿಂದ. ಇಲ್ಲಿನ ಕನ್ನಡದ ಗುಂಪುಗಳಲ್ಲಿ ಅದು ಸುತ್ತಿತು. ದೇವರ ಕಾಲ ಕೆಳಗೆ ಯಾರನ್ನು ಕೂರಿಸಿದ್ದಾರೆ ನೋಡಿ. ಕುಂಕುಮಕ್ಕೂ ಬೆಲೆ ಇಲ್ಲದ ಹಾಗಾಯಿತು. ಹೀಗೆಲ್ಲ ಬರೆದರು. ನನ್ನ ಗೆಳತಿ ಉಷಾ, ಹಾಸನದವಳು, ಪ್ರತಿವರ್ಷ ತಪ್ಪದೆ ಬರುತ್ತಿದ್ದವಳು, ಫೋನ್ ಮಾಡಿದಳು. "ನಾನೇನೂ ಅನ್ನಲ್ಲ ಕಣೇ. ಆದ್ರೆ ಅವರನ್ನೆಲ್ಲ ಬೇರೆ ಟೇಬಲ್ ಮೇಲೆ ಇಡಬಹುದಿತ್ತಲ್ಲ? ಸುಮ್ನೆ ಜನರ ಬಾಯಿಗೆ ಯಾಕೆ ಬೀಳ್ತೀರಿ. ಈ ಸಲ ಹೊಗೆ ಜಾಸ್ತಿ ಅಲ್ವಾ, ಬರಕ್ಕಾಗಲ್ಲ ಅನ್ಸತ್ತೆ." ಅವಳಿದ್ದ ಮಿಲ್ಪಿಟಾಸ್‌ಗೂ ನಮ್ಮ ಯೂನಿಯನ್ ಸಿಟಿಗೂ ಒಂದೇ ಹೊಗೆ ಎಂದು ನಾನು ಹೇಳಲಿಲ್ಲ.

ಪಂಚಮಿಯ ಬೆಳಗ್ಗೆ ಮೇಧಾಳ ಫೋನಿಗೆ ಆ ಮೆಸೇಜು ಬಂತು. ಹೆಸರಿಲ್ಲ, ಮುಖವಿಲ್ಲ. ಕನ್ನಡ ಓದಲು ಬಾರದ ಅವಳು, "ಅಮ್ಮ, ಏನಿದು?" ಎಂದು ನನ್ನ ಕೈಗೆ ಕೊಟ್ಟಳು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಕೈಯಲ್ಲೇ ಓದಿದೆ.

ಅವರನ್ನು ಇಳಿಸಿ. ಇಲ್ಲವಾದರೆ ನವಮಿಯ ದಿನ ನಾವೇ ಬಂದು ಇಳಿಸುತ್ತೇವೆ. ಮನೆ ಗೊತ್ತು. ಹುಡುಗಿಯ ಸ್ಕೂಲೂ ಗೊತ್ತು.

ಒಂದೂ ಬೈಗುಳವಿರಲಿಲ್ಲ. ಒಂದೂ ತಪ್ಪಿರಲಿಲ್ಲ. ಚೆನ್ನಾಗಿ ಓದಿಕೊಂಡವರು, ಬಹುವಚನದಲ್ಲಿ, ಮನೆಗೆ ಬರುತ್ತೇವೆ ಅನ್ನುತ್ತಿದ್ದರು. ಈ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಂಗಡಿಯಲ್ಲಾಗಲಿ ಸ್ಟೇಷನ್ನಿನಲ್ಲಾಗಲಿ ನಾನು ತಿರುಗಿ ನಗುತ್ತಿದ್ದವಳು. ಆವತ್ತಿನಿಂದ ತಲೆ ತಗ್ಗಿಸಿ ಸರಸರ ನಡೆದುಬಿಡುತ್ತಿದ್ದೆ.

ಪೊಲೀಸ್ ಬಂದ. ಒಳ್ಳೆಯವನೇ. ನಾನು ಅನುವಾದಿಸಿದೆ. ಅವನು ಮೆಟ್ಟಿಲುಗಳನ್ನು ನೋಡಿದ, ಅಕ್ರೋಟಿನ ಚಿಪ್ಪಿನ ಶೆಟ್ಟಮ್ಮನನ್ನು ನೋಡಿದ. "ಇವನ್ನು ಕೆಳಗಿಡಲು ಮನೆಗೆ ಬರ್ತಾರಾ? ಗೊಂಬೆಗಳನ್ನ?" ಎಂದ. ಹೌದು ಎಂದೆ. "ಹಾಗಾದ್ರೆ ನೀವೇ ಕೆಳಗಿಟ್ಟರೆ ಮುಗೀತಲ್ಲ?" ಬರೆದುಕೊಂಡ. ಬಾಗಿಲು ಹಾಕಿಕೊಂಡಿರಿ, ಅಪರಿಚಿತರನ್ನು ಒಳಗೆ ಬಿಡಬೇಡಿ ಎಂದ.

ಗೊಂಬೆ ಕೂರಿಸಿದ ಮನೆಯಲ್ಲಿ ಸಂಜೆ ಬಾಗಿಲು ತೆರೆದಿರಬೇಕು. ಯಾರು ಬಂದರೂ ಒಳಗೆ ಕರೆಯಬೇಕು, ಮಕ್ಕಳಿಗೆ ಬೊಂಬೆ ಬಾಗಿನವೆಂದು ತಿಂಡಿ ಕೊಡಬೇಕು, ಕರೆಯದೆಯೂ ಬರಬಹುದಾದ ಮನೆ ಅದೊಂದೇ. ಇದನ್ನು ಪೊಲೀಸಿಗೆ ಹೇಗೆ ಹೇಳುವುದು?

ಅವನು ಹೋದ ಮೇಲೆ ರಘು ಗರಾಜಿನಿಂದ ರಟ್ಟಿನ ಪೆಟ್ಟಿಗೆ ತಂದ. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ದಿನವಿಡೀ ಮಾತಾಡಿ ಮನೆಯಲ್ಲಿ ಮಾತೇ ಉಳಿಸಿಕೊಳ್ಳದ ಮನುಷ್ಯ, ಆವತ್ತು ನಿಲ್ಲಿಸಲೇ ಇಲ್ಲ. "ನಮ್ಮ ಗ್ರೀನ್ ಕಾರ್ಡೇ ಇನ್ನೂ ಬಂದಿಲ್ಲ. ಗಲಾಟೆ ಬೇಡ. ಸುಮ್ನೆ ಎತ್ತಿಡೋಣ."

"ಕೂರಿಸಿದ ಗೊಂಬೆನ ದಶಮಿಗೆ ಮುಂಚೆ ಎತ್ತೋದು ಮನೇಲಿ ಸಾವಾದ್ರೆ ಮಾತ್ರ," ಎಂದರು ಅತ್ತೆ.

"ಅಮ್ಮ, ಇದು ಮೈಸೂರಲ್ಲ. ಇಲ್ಲಿ ಜನರ ಹತ್ರ ಗನ್ ಇರುತ್ತೆ."

ಅತ್ತೆ ಎದ್ದು ಹೋಗಿ ಗೊಂಬೆಗಳ ಮುಂದಿನ ದೀಪಕ್ಕೆ ಎಣ್ಣೆ ಹಾಕಿದರು. ಪೆಟ್ಟಿಗೆ ಸೋಫಾದ ಪಕ್ಕದಲ್ಲಿ ಬಾಯಿ ತೆರೆದುಕೊಂಡೇ ಉಳಿಯಿತು. ಮೇಧಾ, "ಇಟ್ಸ್ ಮೈ ಪ್ರಾಜೆಕ್ಟ್, ಅಪ್ಪ. ಯಾರೂ ಮುಟ್ಟಬೇಡಿ," ಎಂದವಳು ಗೊಂಬೆ ಮೆಟ್ಟಿಲುಗಳ ಎದುರಿಗೆ ನೆಲದ ಮೇಲೆ ಚಾಪೆ ಹಾಸಿ ಅಲ್ಲೇ ಹೋಂವರ್ಕ್ ಮಾಡತೊಡಗಿದಳು. ನಾನು ಯಾರ ಕಡೆ? ಪೆಟ್ಟಿಗೆಯ ಕಡೆ. ಈಗ ಬರೆಯುವಾಗ ಮಗಳ ಕಡೆಗಿದ್ದೆ ಎಂದು ಬರೆಯಲು ಕೈ ತುಡಿಯುತ್ತದೆ. ಅಂಥ ಕೈಯನ್ನು ನಂಬಬಾರದು.

ಷಷ್ಠಿ, ಸಪ್ತಮಿ. ಅವಳನ್ನು ಸ್ಕೂಲಿಗೆ ಬಿಟ್ಟು ಪಾರ್ಕಿಂಗಿನಲ್ಲೇ ಕೂತಿರುತ್ತಿದ್ದೆ. ಗಾಜು ಏರಿಸಿ, ವೈಪರ್ ಮೇಲೆ ಬೂದಿ ಇಳಿಯುವುದನ್ನು ನೋಡುತ್ತಾ. ಸಂಜೆ ಕೆಲವರು ಬಂದರು. ಹೊಗೆಯಿಂದಾಗಿ ಎಲ್ಲರ ಮುಖಕ್ಕೂ ಮಾಸ್ಕು. ಕಣ್ಣು ಮಾತ್ರ ಕಾಣುತ್ತಿತ್ತು. ಉಸಲಿ ತಿನ್ನಲು ಮಾಸ್ಕನ್ನು ಗಲ್ಲಕ್ಕೆ ಇಳಿಸಿದ ಪ್ರತಿಯೊಬ್ಬರ ಬೆರಳನ್ನೂ ನೋಡುತ್ತಿದ್ದೆ. ಈ ಬೆರಳೇ? ಇದೇ? "ತುಂಬಾ ಡಿಫರೆಂಟಾಗಿದೆ ರೀ ಗೊಂಬೆ," ಅನ್ನುತ್ತಿದ್ದರು. ನಾನು ಕುಂಕುಮ ಕೊಟ್ಟು, ಅವರ ಕಾರು ಹೊರಡುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದೆ.

ಅಷ್ಟಮಿಯ ಮಧ್ಯಾಹ್ನ ಗೋಡೆಯಾಚೆಗೆ ಹೋದೆ. ನಾಳೆ ದಯವಿಟ್ಟು ನಮ್ಮ ಮನೆಗೆ ಬರಬೇಡಿ ಎಂದು ಮಿಸ್ ಲೊರೆಟಾಗೆ ಹೇಳಬೇಕಿತ್ತು. ಕಾರಣ ಹೇಳಿದೆ. ಮೆಸೇಜಿನ ಪ್ರತಿ ಮಾತನ್ನೂ ಹೇಳಿಸಿಕೊಂಡರು.

"'ಅವರನ್ನು' ಅಂದರೆ ಯಾರನ್ನು?" ಎಂದರು.

"ಗೊಂಬೆಗಳನ್ನು," ಎಂದೆ.

"ಗೊಂಬೆಗಳಿಗೆ ನೋವಾಗಲ್ಲ. ಅವರು ಇಳಿಸಬೇಕು ಅನ್ನೋದು ನನ್ನನ್ನ. ನಾನು ನಿಮ್ಮ ಗೋಡೆಗೆ ಬೆನ್ನು ಕೊಟ್ಟು ಮಲಗ್ತೀನಿ. ನಾನು ಎಲ್ಲಿಗೆ ಇಳೀಲಿ?"

"ನಿಮಗೆ ಹೆದರಿಕೆ ಆಗಲ್ವಾ?" ಎಂದು ಕೇಳಿಬಿಟ್ಟೆ. ಟ್ರೇನು ಓಡಿಸಲು ಶುರು ಮಾಡಿದಾಗ ಜನ ಕ್ಯಾಬಿನ್ನಿನ ಗಾಜಿಗೆ ಉಗುಳುತ್ತಿದ್ದ ಕಥೆ, ಬಾಗಿಲು ಗುದ್ದುತ್ತಿದ್ದ ಕಥೆ ಮೇಧಾ ಹೇಳಿದ್ದಳು.

ಅವರಿಗೆ ಸಿಟ್ಟು ಬಂತು. "ಆಗಲ್ಲ ಅಂತ ಯಾರು ಹೇಳಿದ್ದು? ಶಿಫ್ಟಿಗೆ ಮುಂಚೆ ದಿನಾ ವಾಂತಿ ಮಾಡ್ತಿದ್ದೆ. ಬಾಯಿ ತೊಳೆದು ಹೋಗಿ ಟ್ರೇನ್ ಬಿಡ್ತಿದ್ದೆ. ನಮ್ಮಜ್ಜಿ ಹಡಗಿನ ಹೊಟ್ಟೆಯೊಳಗೆ ಇಳಿಯುವಾಗ ಜಪ ಮಾಡ್ತಿದ್ದಳಂತೆ, ಬೆಂಕಿಗಲ್ಲ, ಪಕ್ಕದಲ್ಲಿ ನಿಂತ ಗಂಡಸರಿಗೆ ಹೆದರಿ. ನಿಮ್ಮ ಹುಡುಗಿ ಚೀಟಿಲಿ ಬರೆದಿದ್ದಳಲ್ಲ ಭಯವೇ ಇಲ್ಲದವರು ಅಂತ, ಹಾಗೆ ಬರೆದರೆ ನಾವು ಬೇರೆ ಯಾವುದೋ ಜಾತಿಯ ಪ್ರಾಣಿ ಆಗ್ತೀವಿ. ಆಮೇಲೆ ಯಾರಿಗೂ ನಮ್ಮ ಬಗ್ಗೆ ಚಿಂತೆ ಇರಲ್ಲ."

ನನ್ನನ್ನು ಕಳಿಸಲು ಬಾಗಿಲವರೆಗೆ ಬಂದು, "ಎಷ್ಟು ಹೊತ್ತಿಗೆ ಆರತಿ?" ಎಂದರು.

ನವಮಿಯ ಸಂಜೆ ಅವರು ನೀಲಿ ಸ್ವೆಟರ್ ಹಾಕಿಕೊಂಡು ಬಂದು ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತರು. ಅತ್ತೆ ಅವರ ಕೈಗೆ ಚಕ್ಕುಲಿ ಕೊಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಇಬ್ಬರೂ ಚಕ್ಕುಲಿ ಮುರಿಯುತ್ತಾ ಕೂತರು. ಬಾಗಿಲು ತೆರೆದಿತ್ತು. ರಘು ಹೊಸ್ತಿಲಿನಿಂದ ರಸ್ತೆಗೆ, ರಸ್ತೆಯಿಂದ ಹೊಸ್ತಿಲಿಗೆ ಓಡಾಡುತ್ತಿದ್ದ. ಪ್ರತಿವರ್ಷ ಚಪ್ಪಲಿ ತುಂಬಿ ಕಾಲಿಡಲು ಜಾಗವಿಲ್ಲದಾಗುತ್ತಿದ್ದ ಬಾಗಿಲ ಮುಂದೆ ಮಿಸ್ ಲೊರೆಟಾ ಅವರ ಒಂದು ಜೊತೆ ಷೂ. ಆರತಿಯಾಯಿತು. ಯಾರೂ ಬರಲಿಲ್ಲ. ಬರದೇ ಇರುವುದು ಒಳ್ಳೆಯದು ಅನ್ನಿಸುತ್ತಿತ್ತು, ಯಾರಾದರೂ ಬರಬಾರದೇ ಅನ್ನಿಸುತ್ತಿತ್ತು.

ಕತ್ತಲಾಗುವ ಮುಂಚೆ ಒಂದು ದೊಡ್ಡ ಬಿಳೀ ಕಾರು ನಮ್ಮ ಎದುರು ನಿಂತಿತು. ಇಂಜಿನ್ ಆರಿಸಲಿಲ್ಲ. ಇಳಿದವನು ಎತ್ತರದ ಮನುಷ್ಯ, ಮೂಗಿನ ಮೇಲಿನವರೆಗೆ ಕಪ್ಪು ಮಾಸ್ಕು. ಹಿಂದಿನ ಬಾಗಿಲು ತೆರೆದು ಒಂದು ಪುಟ್ಟ ಹುಡುಗಿಯನ್ನು ಇಳಿಸಿದ. ಲಂಗ ಬ್ಲೌಸು, ಎರಡು ಜಡೆ. ಇಬ್ಬರನ್ನೂ ನಾವು ಹಿಂದೆ ನೋಡಿರಲಿಲ್ಲ. ರಘು ಅಡ್ಡ ಬಂದು, "ಯಾರು ಬೇಕಿತ್ತು?" ಎಂದ. ಗೊಂಬೆ ನೋಡಲು ಬಂದವರನ್ನು ಹಾಗೆ ಯಾರೂ ಕೇಳುವುದಿಲ್ಲ.

"ಇವಳು ವಿಡಿಯೋ ನೋಡಿದ್ಲು. ಗೊಂಬೆ ನೋಡಬೇಕು ಅಂತ ಹಟ," ಎಂದ ಆತ. ಷೂ ಬಿಚ್ಚಲಿಲ್ಲ. ಹೊಸ್ತಿಲಾಚೆಯೇ ನಿಂತ. ಹುಡುಗಿ ರಘುವಿನ ತೋಳಿನ ಕೆಳಗಿಂದ ನುಸುಳಿ ಒಳಗೆ ಬಂದಳು.

ನಾನು ಮೇಧಾಳ ಭುಜ ಹಿಡಿದೆ. ಅವಳು ಬಿಡಿಸಿಕೊಂಡು ಹೋಗಿ ಹುಡುಗಿಯ ಪಕ್ಕ ಮಂಡಿಯೂರಿದಳು. ಬೇಗ ಬೇಗ ತೋರಿಸಿ ಕಳಿಸಿಬಿಡುತ್ತಾಳೆ ಅಂದುಕೊಂಡೆ. ಅವಳು ಒಂದನ್ನೂ ಬಿಡಲಿಲ್ಲ. ಅಡ್ಡಾದಿಡ್ಡಿ ಕನ್ನಡ, ನಡುನಡುವೆ ಇಂಗ್ಲಿಷು. "ಇವಳಿಗೆ ಇಲ್ಲಿ ಯಾರೂ ಪ್ಲೇನ್ ಕಲಿಸ್ಲಿಲ್ಲ. ಸೋ, ಹಡಗಲ್ಲಿ ಹೋದ್ಲು. ತುಂಬ ಭಯ ಆಗಿತ್ತು ಅವಳಿಗೆ. ಬಟ್ ಶೀ ವೆಂಟ್." "ಇವಳು ಕತ್ತಲೆಯಲ್ಲಿ ಕಾಡಲ್ಲಿ ನಡೆದ್ಲು, ಬೇರೆಯವರನ್ನ ಕರ್ಕೊಂಡು. ಹಿಡಿದ್ರೆ ಸಾಯಿಸ್ತಿದ್ರು. ಭಯ ಆಗಿತ್ತು." "ಇವಳಿಗೆ ಬೆಂಕಿ ಅಂದ್ರೆ ಓಕೆ, ಜನ ಅಂದ್ರೆ ಭಯ." ಪ್ರತಿಯೊಬ್ಬಳ ಪಕ್ಕದಲ್ಲೂ ಭಯವನ್ನು ಕೂರಿಸುತ್ತಾ ಹೋದಳು. ಹುಡುಗಿ ಬಾಯಿ ತೆರೆದು ಕೇಳುತ್ತಿದ್ದಳು. ಮಿಸ್ ಲೊರೆಟಾ ಚಕ್ಕುಲಿ ಹಿಡಿದ ಕೈ ಎತ್ತದೆ ಬಾಗಿಲನ್ನೇ ನೋಡುತ್ತಿದ್ದರು, ಬಾಗಿಲಲ್ಲಿದ್ದ ಆತ ಅವರನ್ನು.

"ಈ ಆಂಟಿ ಟ್ರೇನ್ ಓಡಿಸ್ತಿದ್ರು," ಎಂದಳು ಮೇಧಾ ಕೊನೆಗೆ.

ಹುಡುಗಿ ಬಾಗಿಲ ಕಡೆ ತಿರುಗಿ ಕೂಗಿದಳು. "ಅಪ್ಪಾ! ಶೀ ಡ್ರೋವ್ ದ ಟ್ರೇನ್! ನಿಜವಾದ ಟ್ರೇನ್!"

ಮುಂದಿನದು ನನಗೆ ಗೊತ್ತಿಲ್ಲ. ಅಂದರೆ, ಮೂರು ಥರ ಗೊತ್ತು. ಆತ ಮಿಸ್ ಲೊರೆಟಾಗೆ ಥ್ಯಾಂಕ್ಸ್ ಹೇಳಿದ ಎಂದು ಮೇಧಾ ಹೇಳುತ್ತಾಳೆ. ಮೆಟ್ಟಿಲುಗಳ ಕಡೆ ಕೈ ಮುಗಿದ, ತಾನು ಕಣ್ಣಾರೆ ಕಂಡೆ ಎಂದು ಅತ್ತೆ ಇವತ್ತಿಗೂ ಆಣೆ ಇಡುತ್ತಾರೆ. ನನಗೆ ಕಂಡದ್ದು, ಆತ ಜೇಬಿನಿಂದ ಫೋನ್ ತೆಗೆದು ಒಳಗಿನ ಕಡೆಗೆ, ನಮ್ಮೆಲ್ಲರ ಕಡೆಗೆ ಹಿಡಿದದ್ದು. ರಘುವನ್ನು ಕೇಳಿದರೆ ತಾನು ಕಾರಿನ ನಂಬರ್ ನೋಡುತ್ತಿದ್ದೆ, ಅದೂ ನೆನಪಿಲ್ಲ ಅನ್ನುತ್ತಾನೆ. ಮೂರೂ ಆಗಿರಬಹುದು. ಕೈ ಮುಗಿದವನೇ ಆ ಮೆಸೇಜು ಬರೆದಿರಬಹುದು. ಮಗಳ ಹಟಕ್ಕೆ ಬಂದ ಬಡಪಾಯಿಯೊಬ್ಬನನ್ನು ನಾವು ಹೊಸ್ತಿಲಲ್ಲೇ ನಿಲ್ಲಿಸಿ ಅವಮಾನಿಸಿರಬಹುದು. ಮಾಸ್ಕಿನ ಮೇಲಿನ ಆ ಕಣ್ಣನ್ನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ನೆನೆಸಿಕೊಂಡಷ್ಟೂ ಅದು ನಾನು ಆ ದಿನ ಯಾವ ಮನಸ್ಸಿನಲ್ಲಿರುತ್ತೇನೋ ಆ ಕಣ್ಣಾಗುತ್ತದೆ.

"ಲೇಟಾಯ್ತು, ಬಾ ಪುಟ್ಟಿ," ಎಂದ. ಇದೊಂದು ಮಾತ್ರ ನಾವೆಲ್ಲರೂ ಕೇಳಿದ್ದೇವೆ. ಅತ್ತೆ ಹುಡುಗಿಯ ಹಣೆಗೆ ಕುಂಕುಮ ಇಟ್ಟು ಬಾಗಿನದ ಪೊಟ್ಟಣ ಕೊಟ್ಟರು. ಆತ ಅವಳನ್ನು ಕಾರ್ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುವುದನ್ನು, ಕಾರಿನ ಕೆಂಪು ದೀಪಗಳು ಹೊಗೆಯಲ್ಲಿ ಕರಗುವುದನ್ನು ನೋಡುತ್ತಾ ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು.

ಆ ಮನೆ ಬಿಟ್ಟದ್ದು ಹೆದರಿಯಾ ಎಂದು ಕೇಳುವವರಿಗೆ ಇಲ್ಲ, ಬಾಡಿಗೆ ಜಾಸ್ತಿಯಾಯಿತು ಅನ್ನುತ್ತೇನೆ. ಎರಡೂ ನಿಜ. ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಕಾರು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ನಾನು ಬಾಗಿಲಿನ ಹಿಡಿಗೆ ಕೈ ಹಾಕಿ ಎಳೆದೆ, ಇನ್ನು ಚಿಲಕ ಹಾಕಿದರೆ ಮುಗಿಯಿತು ಎಂದು. ಬಾಗಿಲು ಬರಲಿಲ್ಲ. ಆಚೆ ಬದಿಯಿಂದ ಮೇಧಾ ಹಿಡಿದುಕೊಂಡಿದ್ದಳು. ಅವಳ ತುಟಿಗೆ ಬಣ್ಣವೇ ಇರಲಿಲ್ಲ.

"ಬಿಡು ಅಮ್ಮ," ಎಂದಳು. "ಇನ್ನೂ ಯಾರಾದ್ರೂ ಬರಬಹುದು."